ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರಿನ ಹಳದಿ ಲೈಟು: ತೊಳೆಸುವುದೋ, ಬದಲಿಸುವುದೋ, ಮಾರುವುದೋ?

ಕಾಸರಗೋಡಿನ ಕಡೆ ಹಳೆ ಡೀಸೆಲ್ ಕಾರಿಗೆ ಇನ್ನೂ ಗಿರಾಕಿ ಕಮ್ಮಿಯಾಗಿಲ್ಲ. ಮಂಗಳೂರಿನ ಆಸ್ಪತ್ರೆಗೆ ಓಡಬೇಕು, ಮದುವೆ, ಕೋಲ, ಪೂಜೆ ಅಂತ ಪುತ್ತೂರು, ಸುಳ್ಯದವರೆಗೆ ಹೋಗಬೇಕು, ಮನೆಮಂದಿಯೆಲ್ಲ ಒಂದೇ ಕಾರಿನಲ್ಲಿ ಹಿಡಿಸಬೇಕು. ಡೀಸೆಲ್ಲೇ ಸರಿ ಅನಿಸುತ್ತದೆ. ತಲೆನೋವು ಶುರುವಾಗುವುದು ಕೆಲವು ತಿಂಗಳ ಮೇಲೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟು ಹೊತ್ತಿಕೊಳ್ಳುತ್ತದೆ, ಏರಿನಲ್ಲಿ ಪಿಕಪ್ ಇಲ್ಲ. ಗ್ಯಾರೇಜಿಗೆ ಹೋದರೆ ಒಬ್ಬರು ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಬ್ಲಾಕ್ ಅನ್ನುತ್ತಾರೆ. ಇನ್ನೊಬ್ಬರು ಇಜಿಆರ್ (ಹೊಗೆಯನ್ನು ಪುನಃ ಎಂಜಿನ್ನಿಗೆ ಕಳಿಸುವ ವಾಲ್ವ್) ಹೋಗಿದೆ ಅನ್ನುತ್ತಾರೆ. ಮೂರನೆಯವರು "ಅದನ್ನೆಲ್ಲ ತೆಗೆದು ಬಿಸಾಡುವ, ಆಮೇಲೆ ರಗಳೆಯೇ ಇಲ್ಲ" ಅನ್ನುತ್ತಾರೆ. ಮೂವರ ಬಿಲ್ಲೂ ಬೇರೆ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ರಿಪೇರಿ ಅಂತ ತೀರ್ಮಾನಿಸುವ ಮೊದಲು ನಿಮ್ಮ ಓಡಾಟ ಎಂಥದ್ದು ಅಂತ ನೋಡಿ. ಹೊಗೆ ಶುದ್ಧ ಮಾಡುವ ಈ ಭಾಗಗಳು ಸುಮ್ನೆ ಕೆಡುವುದು ಕಮ್ಮಿ. ಹೆಚ್ಚಿನ ಸಲ ಕಾರು ಓಡುವ ರೀತಿ ಅವಕ್ಕೆ ಒಗ್ಗದೆ ಕೆಡುತ್ತವೆ. ಓಡಾಟ ಹಾಗೇ ಇದ್ದರೆ ದೊಡ್ಡ ದುಡ್ಡು ಕೊಟ್ಟು ಹಾಕಿಸಿದ ಹೊಸ ಭಾಗವೂ ಒಂದು ದಿನ ಅಲ್ಲಿಗೇ ಬಂದು ನಿಲ್ಲುತ್ತದೆ.

ನಿಮ್ಮ ಕಾರಿನಲ್ಲಿ ಏನೇನಿದೆ?

ಇದನ್ನು ಕಾರು ತಯಾರಾದ ವರ್ಷವೇ ಮುಕ್ಕಾಲು ಪಾಲು ಹೇಳುತ್ತದೆ. ಬಿಎಸ್ ಅಂದರೆ ಗಾಡಿ ಬಿಡುವ ಹೊಗೆಗೆ ಸರಕಾರ ಹಾಕಿದ ಮಿತಿ. ದೇಶಪೂರ್ತಿ ಬಿಎಸ್4 ಬಂದದ್ದು 2017ರ ಏಪ್ರಿಲ್ 1ರಂದು, ಬಿಎಸ್6 ಬಂದದ್ದು 2020ರ ಏಪ್ರಿಲ್ 1ರಂದು. ಬಿಎಸ್4 ಡೀಸೆಲ್ ಕಾರುಗಳಲ್ಲಿ ಬಹುತೇಕ ಇರುವುದು ಇಜಿಆರ್ ಮತ್ತು ಹೊಗೆಯ ವಿಷ ತಗ್ಗಿಸುವ ಒಂದು ಕ್ಯಾಟಲಿಸ್ಟ್, ಅಷ್ಟೆ. ಡಿಪಿಎಫ್ ಇರುವುದಿಲ್ಲ. ಮಾರುತಿಯವರು 2020ರಲ್ಲಿ ಡೀಸೆಲ್ಲನ್ನೇ ಕೈಬಿಟ್ಟರು. ಹಾಗಾಗಿ ಹಳೆ ಸ್ವಿಫ್ಟ್, ಡಿಸೈರ್ ಡೀಸೆಲ್ ತೆಗೆದುಕೊಂಡು ಹೋದಾಗ ಯಾರಾದರೂ "ಡಿಪಿಎಫ್ ತೊಳೆಯಬೇಕು" ಅಂದರೆ, ಎಲ್ಲಿದೆ ತೋರಿಸಿ ಅಂತ ಕೇಳಿ.

ಇಜಿಆರ್ ಅಂದರೆ ಎಂಜಿನ್ ಬಿಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಪುನಃ ಒಳಗೆ ಕಳಿಸುವ ವಾಲ್ವ್. ಅದರಿಂದ ಸಿಲಿಂಡರ್ ಒಳಗಿನ ಶಾಖ ಇಳಿದು ನೈಟ್ರೋಜನ್ ಆಕ್ಸೈಡ್ ಕಮ್ಮಿ ಹುಟ್ಟುತ್ತದೆ. ಮಸಿ ಕೂತು ಅಂಟಿಕೊಳ್ಳುವುದು ಇದರ ಕಾಯಿಲೆ.

ಬಿಎಸ್6 ಡೀಸೆಲ್‌ಗಳಲ್ಲಿ ಇದರ ಜೊತೆಗೆ ಡಿಪಿಎಫ್ ಬರುತ್ತದೆ. ಸೈಲೆನ್ಸರ್ ಸಾಲಿನಲ್ಲಿ ಕೂತು ಮಸಿಯನ್ನು ಹಿಡಿದಿಡುವ ಫಿಲ್ಟರ್ ಅದು. ಹೈವೇಯಲ್ಲಿ ಒಂದೇ ಸಮನೆ ಓಡಿ ಸೈಲೆನ್ಸರ್ ಚೆನ್ನಾಗಿ ಕಾದರೆ ಹಿಡಿದ ಮಸಿ ತಾನಾಗಿಯೇ ಉರಿಯುತ್ತದೆ. ಅಷ್ಟು ಕಾಯದಿದ್ದರೆ ಕಾರಿನ ಕಂಪ್ಯೂಟರ್ ಸ್ವಲ್ಪ ಡೀಸೆಲ್ ಜಾಸ್ತಿ ಬಿಟ್ಟು, ಸುಮಾರು 600 ಡಿಗ್ರಿಗೆ ಏರಿಸಿ ಸುಡುತ್ತದೆ. ಗ್ಯಾರೇಜಿನವರು ರೀಜನ್ ಅನ್ನುವುದು ಇದಕ್ಕೇ. ಮಸಿ ಸುಟ್ಟರೂ ಬೂದಿ ಉಳಿಯುತ್ತದೆ, ಬಚ್ಚಲೊಲೆಯ ಹಾಗೆ. ಈ ಬೂದಿ ಬರುವುದು ಮುಖ್ಯವಾಗಿ ಎಂಜಿನ್ ಆಯಿಲಿನಲ್ಲಿರುವ ಸೇರ್ಪಡೆಗಳಿಂದ. ಎಷ್ಟು ಬಿಸಿ ಮಾಡಿದರೂ ಅದು ಹೋಗುವುದಿಲ್ಲ, ಬಿಚ್ಚಿಯೇ ತೆಗೆಯಬೇಕು. ಮಸಿ ಬೇರೆ, ಬೂದಿ ಬೇರೆ. ಮುಂದಿನ ದುಡ್ಡಿನ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ.

ಮೂರನೆಯದು ಯೂರಿಯಾ. ಡೀಸೆಲ್ ಮುಚ್ಚಳದ ಪಕ್ಕ ಇನ್ನೊಂದು ನೀಲಿ ಮುಚ್ಚಳ ಇದ್ದರೆ ನಿಮ್ಮದು ಆಡ್‌ಬ್ಲೂ ಹಾಕುವ ಕಾರು. ಎಕ್ಸ್‌ಯುವಿ700 ಡೀಸೆಲ್ ಇಂಥದ್ದು. ಆಡ್‌ಬ್ಲೂ ಅಂದರೆ 32.5 ಶೇಕಡಾ ಯೂರಿಯಾ, ಉಳಿದದ್ದು ಶುದ್ಧ ನೀರು. ಬಿಸಿ ಹೊಗೆಗೆ ಇದನ್ನು ಸಿಂಪಡಿಸಿದರೆ ನೈಟ್ರೋಜನ್ ಆಕ್ಸೈಡ್ ಒಡೆದು ಬರೀ ನೈಟ್ರೋಜನ್ ಮತ್ತು ನೀರಾವಿಯಾಗುತ್ತದೆ. 2020ರ ನಂತರದ ಕೆಲವು ಸಣ್ಣ ಡೀಸೆಲ್‌ಗಳಲ್ಲಿ ಯೂರಿಯಾ ಇಲ್ಲ, ಅದರ ಬದಲು ಎಲ್‌ಎನ್‌ಟಿ ಅನ್ನುವ ಕ್ಯಾಟಲಿಸ್ಟ್ ಇದೆ. 2023ರ ಏಪ್ರಿಲ್‌ನಿಂದ ರಸ್ತೆಯ ಮೇಲಿನ ಹೊಗೆಯನ್ನೂ ಅಳೆಯುವ ಬಿಎಸ್6ರ ಎರಡನೇ ಹಂತ ಬಂದ ಮೇಲೆ ಯೂರಿಯಾ ಕಾರುಗಳು ಜಾಸ್ತಿಯಾದವು.

ನಮ್ಮೂರಿನ ಓಡಾಟ ಇದಕ್ಕೆ ಒಗ್ಗುತ್ತದಾ?

ಬದಿಯಡ್ಕದ ಹತ್ತಿರದ ಒಂದು ತೋಟದ ಮನೆ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದು, ಹಾಗೇ ಕ್ಯಾಂಪ್ಕೋಗೆ ಅಡಿಕೆ ಕೊಟ್ಟು ಬರುವುದು, ಸಂಜೆ ಇನ್ನೊಂದು ಸುತ್ತು. ಪ್ರತಿ ಸಲ ಐದಾರು ಕಿಲೋಮೀಟರ್. ರಸ್ತೆ ಏರು, ಇಳಿವು, ತಿರುವು. ಗಾಡಿ ಎರಡನೇ ಮೂರನೇ ಗೇರು ದಾಟುವುದೇ ಅಪರೂಪ. ಮಳೆಗಾಲದಲ್ಲಂತೂ ಇನ್ನೂ ನಿಧಾನ. ಎಂಜಿನ್ ಕಾಯುವಷ್ಟರಲ್ಲಿ ಮನೆ ಬಂತು, ಕೀ ತಿರುಗಿಸಿ ಆಫ್.

ಇಂಥ ಓಡಾಟದಲ್ಲಿ ಡಿಪಿಎಫ್ ಮಸಿ ಹಿಡಿಯುತ್ತಲೇ ಇರುತ್ತದೆ, ಸುಡಲು ಪುರುಸೊತ್ತು ಸಿಗುವುದಿಲ್ಲ. ಕಂಪ್ಯೂಟರ್ ರೀಜನ್ ಶುರು ಮಾಡಿದ ಹೊತ್ತಿಗೇ ನೀವು ಆಫ್ ಮಾಡುತ್ತೀರಿ. ಹೀಗೆ ಪದೇ ಪದೇ ಆದರೆ ರೀಜನ್‌ಗೆಂದು ಬಿಟ್ಟ ಡೀಸೆಲ್ಲು ಪೂರ್ತಿ ಉರಿಯದೆ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮ್ಯಾಕ್ಸ್ ಗುರುತಿಗಿಂತ ಮೇಲೆ ಇದ್ದರೆ, "ಅಬ್ಬ, ಆಯಿಲ್ ತಿನ್ನುವುದಿಲ್ಲ" ಅಂತ ಖುಷಿಪಡಬೇಡಿ. ಡೀಸೆಲ್ ಬೆರೆತು ತೆಳುವಾದ ಆಯಿಲ್ ಬೇರಿಂಗನ್ನೂ ಟರ್ಬೋವನ್ನೂ ತಿನ್ನುತ್ತದೆ.

ಇಲ್ಲೇ ಗಲ್ಫ್ ಕಾರಿನ ಮಾತೂ ಬರುತ್ತದೆ. ಯಜಮಾನರು ದುಬೈಯಲ್ಲಿ, ಕಾರು ಉಪ್ಪಳದ ಮನೆಯ ಶೆಡ್ಡಿನಲ್ಲಿ. ಮನೆಯವರು ಪೇಟೆಗೆ ಮಾತ್ರ ತೆಗೆಯುತ್ತಾರೆ. ಮೀಟರ್ ನೋಡಿದರೆ ಓಡಿದ್ದೇ ಕಮ್ಮಿ, ಬೆಲೆ ಮಾತ್ರ ಜಾಸ್ತಿ. ಪೆಟ್ರೋಲ್ ಕಾರಾದರೆ ಒಳ್ಳೆಯ ವ್ಯಾಪಾರವೇ. ಡಿಪಿಎಫ್ ಇರುವ ಡೀಸೆಲ್ಲಾದರೆ ನಾನು, ವಾರವಾರ ಮಂಗಳೂರಿಗೆ ಹೋಗಿಬಂದು ಮೀಟರ್ ಜಾಸ್ತಿ ತೋರಿಸುವ ಕಾರನ್ನೇ ಆರಿಸುತ್ತೇನೆ. ಯೂರಿಯಾ ಕಾರಾದರೆ ಇನ್ನೊಂದು ತೊಂದರೆ. ನಮ್ಮ ಸೆಖೆಯಲ್ಲಿ ಟ್ಯಾಂಕಿನೊಳಗೆ ವರ್ಷಗಟ್ಟಲೆ ಕೂತ ಆಡ್‌ಬ್ಲೂ ಹಾಳಾಗುತ್ತದೆ, ನಳಿಗೆಯ ತುದಿಯಲ್ಲಿ ಬಿಳಿ ಹರಳು ಕಟ್ಟುತ್ತದೆ.

ಮೊದಲು ಸ್ಕ್ಯಾನರ್, ಆಮೇಲೆ ಸ್ಪ್ಯಾನರ್

ಲೈಟು ಬಂದಾಗ ಯಾವ ಭಾಗವನ್ನೂ ಬಿಚ್ಚಲು ಬಿಡುವ ಮುಂಚೆ ಸ್ಕ್ಯಾನರ್ ಹಾಕಿಸಿ, ಕೋಡನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಪಿ2463 ಅಂದರೆ ಡಿಪಿಎಫ್‌ನಲ್ಲಿ ಮಸಿ ಜಾಸ್ತಿ ಕೂತಿದೆ. ಪಿ2002 ಅಂದರೆ ಅದರ ಕೆಲಸ ಸರಿಯಾಗುತ್ತಿಲ್ಲ, ಒಡೆದಿರಲೂಬಹುದು. ಪಿ0401 ಅಂದರೆ ಇಜಿಆರ್‌ನಲ್ಲಿ ಸಾಕಷ್ಟು ಹೊಗೆ ಹರಿಯುತ್ತಿಲ್ಲ. ಪಿ20ಇಇ ಅಂದರೆ ಯೂರಿಯಾ ವ್ಯವಸ್ಥೆ ನೈಟ್ರೋಜನ್ ಆಕ್ಸೈಡನ್ನು ಬೇಕಾದಷ್ಟು ತಗ್ಗಿಸುತ್ತಿಲ್ಲ.

ಪಿ2463 ಬಂತು ಅಂದ ಮಾತ್ರಕ್ಕೆ ಡಿಪಿಎಫ್ ಕೆಟ್ಟಿತು ಅಂತಲ್ಲ. ಮಸಿ ಯಾಕೆ ಕೂತಿತು ಅಂತ ಹುಡುಕಬೇಕು. ಡಿಪಿಎಫ್‌ನ ಮುಂದೆ ಮತ್ತು ಹಿಂದೆ ಇರುವ ಒತ್ತಡವನ್ನು ಅಳೆಯುವ ಒಂದು ಸೆನ್ಸರ್ ಇದೆ, ಅದಕ್ಕೆ ಎರಡು ಸಣ್ಣ ಟ್ಯೂಬ್ ಹೋಗುತ್ತವೆ. ಟ್ಯೂಬ್ ಬಿರುಕು ಬಿಟ್ಟರೂ, ಇಲಿ ಕಡಿದರೂ ಕಂಪ್ಯೂಟರಿಗೆ ತಪ್ಪು ಲೆಕ್ಕ ಹೋಗುತ್ತದೆ. ತೋಟದ ಮನೆಗಳಲ್ಲಿ ಇಲಿ ಕಾಟ ಗೊತ್ತೇ ಇದೆಯಲ್ಲ. ಥರ್ಮೋಸ್ಟಾಟ್ ತೆರೆದೇ ನಿಂತಿದ್ದರೆ ಎಂಜಿನ್ ಸರಿಯಾಗಿ ಕಾಯದೆ ರೀಜನ್ನೇ ನಡೆಯದು. ಇಂಜೆಕ್ಟರ್ ಸೋರುತ್ತಿದ್ದರೆ, ಟರ್ಬೋ ಪೈಪ್ ಒಡೆದಿದ್ದರೆ, ಇಜಿಆರ್ ತೆರೆದುಕೊಂಡೇ ಅಂಟಿದ್ದರೆ ಮಸಿ ಬೇಕಾಬಿಟ್ಟಿ ಹುಟ್ಟುತ್ತದೆ. ಇವೆಲ್ಲ ಡಿಪಿಎಫ್‌ಗಿಂತ ಅಗ್ಗದ ರಿಪೇರಿಗಳು. ಇವನ್ನು ನೋಡದೆ ನೇರ ಡಿಪಿಎಫ್ ಬೆಲೆ ಹೇಳುವ ಗ್ಯಾರೇಜಿನಿಂದ ನಯವಾಗಿ ಹೊರಟುಬನ್ನಿ.

ಡಿಪಿಎಫ್‌ಗೆ ಇರುವ ದಾರಿಗಳು

ಬಿಟ್ಟಿ ದಾರಿ ಓಡಿಸಿ ಸುಡುವುದು. ಡಿಪಿಎಫ್ ಲೈಟು ಮಾತ್ರ ಸುಮ್ನೆ ಉರಿಯುತ್ತಿದೆ, ಮಿನುಗುತ್ತಿಲ್ಲ, ಎಂಜಿನ್ ಲೈಟು ಬಂದಿಲ್ಲ, ಪಿಕಪ್ ಸರಿ ಇದೆ ಅಂದರೆ ಇದನ್ನೇ ಮೊದಲು ಮಾಡಿ. ಟ್ಯಾಂಕಿನಲ್ಲಿ ಡೀಸೆಲ್ ಸಾಕಷ್ಟಿರಲಿ. ಇಂಧನ ತೀರಾ ಕಮ್ಮಿ ಇದ್ದರೆ ಅನೇಕ ಕಾರುಗಳು ರೀಜನ್ ಶುರುವೇ ಮಾಡುವುದಿಲ್ಲ. ಕುಂಬಳೆಯಲ್ಲಿ ಹೈವೇಗೆ ಹತ್ತಿ ತಲಪಾಡಿಗೆ ಹೋಗಿ ಬನ್ನಿ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥದ ರಸ್ತೆಯಿಂದ ಡೀಸೆಲ್ ಕಾರಿನವರಿಗೆ ಆದ ದೊಡ್ಡ ಉಪಕಾರ ಇದೇ. ಗೇರು ಒಂದು ಕೆಳಗೆ ಇಟ್ಟು ಎಂಜಿನ್ 2,000ದಿಂದ 2,500 ಆರ್‌ಪಿಎಮ್‌ನಲ್ಲಿ ಇಪ್ಪತ್ತು ನಿಮಿಷ ಒಂದೇ ಸಮನೆ ಓಡಲಿ. ನಿಲ್ಲಿಸಿದಾಗ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಐಡ್ಲಿಂಗ್ ಮಾಮೂಲಿಗಿಂತ ಜಾಸ್ತಿ ಇದ್ದರೆ ರೀಜನ್ ಇನ್ನೂ ನಡೆಯುತ್ತಿದೆ. ಆಫ್ ಮಾಡಬೇಡಿ, ಇನ್ನೊಂದು ಸ್ವಲ್ಪ ಓಡಿಸಿ. ಟೊಯೊಟಾದ ಕೆಲವು ಬಿಎಸ್6 ಡೀಸೆಲ್‌ಗಳಲ್ಲಿ ನಿಂತಲ್ಲೇ ರೀಜನ್ ಮಾಡುವ ಸ್ವಿಚ್ ಇದೆ. ಅದನ್ನು ಒತ್ತುವಾಗ ಕಾರಿನಡಿ ತರಗೆಲೆಯಾಗಲಿ ಒಣ ಅಡಿಕೆ ಸಿಪ್ಪೆಯಾಗಲಿ ಇರಬಾರದು. ಸೈಲೆನ್ಸರ್ ಅಷ್ಟು ಕಾದಿರುತ್ತದೆ.

ಲೈಟು ಮಿನುಗಿದರೆ, ಗಾಡಿ ಲಿಂಪ್ ಮೋಡಿಗೆ ಹೋದರೆ (ಎಂಜಿನ್ ತಾನಾಗಿ ಶಕ್ತಿ ತಗ್ಗಿಸಿಕೊಂಡರೆ) ಆ ಹಂತ ದಾಟಿತು. ಆಗ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಬಲವಂತದ ರೀಜನ್ ಮಾಡಿಸಬೇಕು. ಖರ್ಚು ದೊಡ್ಡದಲ್ಲ. ಮಾಡಿಸಿದ ಮೇಲೆ ಆಯಿಲ್ ಬದಲಿಸುವುದು ಒಳ್ಳೆಯದು. ಮಸಿಯ ಪ್ರಮಾಣ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಸ್ಕ್ಯಾನರಿನಲ್ಲೇ ಕಾಣುತ್ತದೆ, ತೋರಿಸಲು ಹೇಳಿ. ಸ್ವಲ್ಪ ದಿನದಲ್ಲೇ ಲೈಟು ಪುನಃ ಬಂದರೆ ಎರಡೇ ಕಾರಣ. ಒಂದೋ ಮಸಿ ಹುಟ್ಟಿಸುವ ಮೂಲ ದೋಷ ಹಾಗೇ ಇದೆ, ಇಲ್ಲವೇ ತುಂಬಿರುವುದು ಬೂದಿ. ಮೂರನೇ ಸಲ ಬಲವಂತದ ರೀಜನ್‌ಗೆ ದುಡ್ಡು ಕೊಡಬೇಡಿ.

ಬೂದಿಯಾದರೆ ಬಿಚ್ಚಿ ತೊಳೆಸುವುದು. ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಕಾರಿನಲ್ಲಿ ಇದು ಸಹಜ. ಕಾರಿನಲ್ಲೇ ಇಟ್ಟು ಕೆಮಿಕಲ್ ಹಾಯಿಸುವುದು ಮಸಿಗೆ ಪರವಾಗಿಲ್ಲ, ಬೂದಿಗೆ ಅಷ್ಟಕ್ಕಷ್ಟೆ. ಬಿಚ್ಚಿ, ಮೆಷಿನ್ನಿನಲ್ಲಿ ಹಿಂದಿನಿಂದ ಮುಂದಕ್ಕೆ ನೀರು ಮತ್ತು ಗಾಳಿ ಹಾಯಿಸಿ ತೊಳೆಯುವವರಲ್ಲೇ ಕೊಡಿ. ತೊಳೆಯುವ ಮೊದಲಿನ ಮತ್ತು ನಂತರದ ಒತ್ತಡದ ಅಂಕಿ ಬರೆದುಕೊಡುತ್ತಾರಾ ಅಂತ ಕೇಳಿ. ಕೊಡದವರನ್ನು ನಾನು ನಂಬುವುದಿಲ್ಲ. ವಾಟರ್ ಸರ್ವಿಸಿನ ಪ್ರೆಷರ್ ಪಂಪ್ ಹಿಡಿದು ತೊಳೆಯುವ ಸಾಹಸ ಮಾತ್ರ ಬೇಡ. ಒಳಗಿರುವುದು ಜೇನುಗೂಡಿನಂಥ ಪಿಂಗಾಣಿ. ಒಡೆದರೆ ಹೊಸದೇ ಗತಿ. ನನ್ನ ಲೆಕ್ಕದಲ್ಲಿ ಹಳೆ ಕಾರಿಗೆ ದುಡ್ಡಿಗೆ ತಕ್ಕ ಫಲ ಕೊಡುವ ದಾರಿ ಇದು. ಹೊಸ ಡಿಪಿಎಫ್‌ನ ಬೆಲೆಯಲ್ಲಿ ಒಂದು ಸಣ್ಣ ಪಾಲು, ಓಡಾಟ ಸರಿ ಇದ್ದರೆ ವರ್ಷಗಟ್ಟಲೆ ಬಾಳುತ್ತದೆ.

ಹೊಸದು ಬೇಕಾಗುವುದು ಒಳಗಿನ ಪಿಂಗಾಣಿ ಒಡೆದಾಗ, ಕರಗಿದಾಗ, ಇಲ್ಲವೇ ಟರ್ಬೋ ಸೋರಿ ಆಯಿಲ್ ಕುಡಿದಾಗ. ಬೆಲೆ ಹತ್ತಾರು ಸಾವಿರದಿಂದ ಶುರುವಾಗಿ ದೊಡ್ಡ ಕಾರುಗಳಲ್ಲಿ ಲಕ್ಷದ ಮೇಲೂ ಹೋಗುತ್ತದೆ. ಕಂಪನಿಯದಲ್ಲದ ಅಗ್ಗದ ಫಿಲ್ಟರುಗಳೂ ಸಿಗುತ್ತವೆ. ಒಳಗಿನ ಅಮೂಲ್ಯ ಲೋಹದ ಲೇಪ ಕಮ್ಮಿಯಾದಷ್ಟು ರೀಜನ್ ಕಷ್ಟ, ಹಾಗಾಗಿ ಅಗ್ಗ ಅಂತ ಕುಣಿಯಬೇಡಿ. ಹೊಸದು ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ಬೂದಿಯ ಹಳೆ ಲೆಕ್ಕ ಅಳಿಸಿ ಸೊನ್ನೆಯಿಂದ ಶುರು ಮಾಡಬೇಕು. ಅದನ್ನು ಮರೆತರೆ ಹೊಸ ಫಿಲ್ಟರನ್ನೂ ಕಾರು ಹಳತೆಂದೇ ಲೆಕ್ಕ ಹಾಕುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿ ಬಾಕಿ ಇದ್ದರೆ ಡಿಪಿಎಫ್ ಅದರಲ್ಲಿ ಬರುತ್ತದಾ ಅಂತ ಕೇಳಿಯೇ ದುಡ್ಡು ತೆಗೆಯಿರಿ.

ಇನ್ನು "ತೆಗೆದು ಬಿಸಾಡುವ" ದಾರಿ. ಡಿಪಿಎಫ್ ಒಳಗಿನದ್ದನ್ನು ಕುಟ್ಟಿ ತೆಗೆದು, ಕಂಪ್ಯೂಟರಿಗೆ ಬೇರೆ ಸಾಫ್ಟ್‌ವೇರ್ ತುಂಬುವುದು. ಪಿಕಪ್ ಚೆನ್ನಾಗಿ ಬರುತ್ತದೆ, ಸುಳ್ಳಲ್ಲ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಸ್ವರೂಪವನ್ನು ಹೀಗೆ ಬದಲಿಸುವ ಹಾಗಿಲ್ಲ. 182ಎ ಸೆಕ್ಷನ್‌ನಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಮಾರುವಾಗ ತಿಳಿದವರು ಸೈಲೆನ್ಸರಿಗೆ ಬೆರಳು ಹಾಕಿದರೆ ಸಾಕು, ಮಸಿ ಹತ್ತುತ್ತದೆ, ಬೆಲೆ ಇಳಿಯುತ್ತದೆ. ಕಾನೂನು, ಬೆಲೆ ಎರಡನ್ನೂ ಬಿಡಿ. ಗಾಳಿಗೆ ಬಿಟ್ಟದ್ದು ಕೊನೆಗೆ ಯಾರ ಮನೆಯೊಳಗೆ ಬರುತ್ತದೆ ಅಂತ ಎಂಡೋಸಲ್ಫಾನ್ ಕಂಡ ಎಣ್ಮಕಜೆ, ಬೆಳ್ಳೂರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಈ ದಾರಿಯನ್ನು ನಾನು ಹೋಲಿಕೆಗೇ ಸೇರಿಸುವುದಿಲ್ಲ.

ಇಜಿಆರ್, ಯೂರಿಯಾ: ಬೇಗ ಹೇಳಿ ಮುಗಿಸುತ್ತೇನೆ

ಇಜಿಆರ್ ವಿಷಯ ಸುಲಭ. ಮಸಿ ಕೂತು ಅಂಟಿದ್ದರೆ ಬಿಚ್ಚಿ ಶುಚಿ ಮಾಡಿಸಿ, ಒಳ್ಳೆ ಲೋಕಲ್ ಗ್ಯಾರೇಜು ಸಾಕು. ಮೋಟಾರ್ ಸುಟ್ಟಿದ್ದರೆ ಮಾತ್ರ ಹೊಸದು. ತಗಡು ಹಾಕಿ ಮುಚ್ಚುವುದು ಮೇಲೆ ಹೇಳಿದ ಬಿಸಾಡುವ ದಾರಿಯದ್ದೇ ತಮ್ಮ. ಒಂದು ಎಚ್ಚರಿಕೆ: ಎಲ್ಲೂ ಸೋರದೆ ಕೂಲೆಂಟ್ ಕಮ್ಮಿಯಾಗುತ್ತಿದ್ದರೆ, ಜೊತೆಗೆ ಬಿಳಿ ಹೊಗೆ ಬರುತ್ತಿದ್ದರೆ ಇಜಿಆರ್ ಕೂಲರ್ ಒಳಗೆ ಒಡೆದಿರಬಹುದು. ಅದನ್ನು ಮುಂದೂಡಬೇಡಿ.

ಯೂರಿಯಾ ಕಾರಿನಲ್ಲಿ ಮೊದಲು ಅನುಮಾನಪಡಬೇಕಾದ್ದು ದ್ರವವನ್ನು. ಡಬ್ಬದ ಮೇಲೆ ಐಎಸ್‌ಒ 22241 ಇದೆಯಾ, ತಯಾರಾದ ತಿಂಗಳು ಯಾವುದು ನೋಡಿ. ರಿಫ್ರಾಕ್ಟೋಮೀಟರ್ ಇರುವ ಗ್ಯಾರೇಜಿನಲ್ಲಿ ಎರಡು ಹನಿ ಸಾಕು, 32.5ಕ್ಕೆ ಹತ್ತಿರ ಇದೆಯಾ ಅಂತ ಕ್ಷಣದಲ್ಲಿ ಗೊತ್ತಾಗುತ್ತದೆ. ಹಳತನ್ನು ತೆಗೆಸಿ ಹೊಸತು ತುಂಬಿ, ನಳಿಗೆಯ ಹರಳು ತೊಳೆಸಿ, ಆಮೇಲೂ ಕೋಡ್ ಬಂದರೆ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್ ಕಡೆ ಹೋಗಿ. ಆ ಸೆನ್ಸರಿಗೆ ಬೆಲೆ ಜಾಸ್ತಿ, ಊಹೆಯ ಮೇಲೆ ಬದಲಿಸುವ ವಸ್ತುವಲ್ಲ. ಆಡ್‌ಬ್ಲೂ ಖಾಲಿಯಾಗುವ ಮೊದಲು ಇಷ್ಟು ಕಿಲೋಮೀಟರ್ ಬಾಕಿ ಅಂತ ಕಾರೇ ಎಣಿಸಿ ತೋರಿಸುತ್ತದೆ. ಸೊನ್ನೆಗೆ ಬಂದ ಮೇಲೆ ಆಫ್ ಮಾಡಿದರೆ ಹೆಚ್ಚಿನ ಕಾರುಗಳು ಪುನಃ ಸ್ಟಾರ್ಟ್ ಆಗುವುದಿಲ್ಲ. ತಪ್ಪಿ ಡೀಸೆಲ್ ಟ್ಯಾಂಕಿಗೆ ಆಡ್‌ಬ್ಲೂ ಸುರಿದರೆ ಸ್ಟಾರ್ಟೇ ಮಾಡಬೇಡಿ, ಟೋ ಮಾಡಿಸಿ.

ಪೊಲ್ಯೂಷನ್ ಸರ್ಟಿಫಿಕೇಟ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಡೀಸೆಲ್ ಕಾರಿಗೆ ಮಾಡುವ ಟೆಸ್ಟು ಎಕ್ಸಲರೇಟರ್ ಒತ್ತಿದಾಗ ಹೊಗೆ ಎಷ್ಟು ದಟ್ಟ ಅಂತ ಮಾತ್ರ ನೋಡುತ್ತದೆ. ಬಿಎಸ್4 ಡೀಸೆಲ್ಲಿಗೆ ಮಿತಿ 50 ಹಾರ್ಟ್‌ರಿಜ್ (ಹೊಗೆಯ ದಟ್ಟತೆಯ ಅಳತೆ), ಅದಕ್ಕೂ ಹಳತಕ್ಕೆ 65. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ. ಇಜಿಆರ್ ಮುಚ್ಚಿದ, ಯೂರಿಯಾ ಕೆಟ್ಟ ಕಾರೂ ಆರಾಮಾಗಿ ಪಾಸಾಗಬಹುದು. ಸರ್ಟಿಫಿಕೇಟ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ದಂಡ 10,000 ರೂಪಾಯಿವರೆಗೆ ಹೋಗಬಹುದು, ಹಾಗಾಗಿ ಅದು ಇರಲೇಬೇಕು. ಕಾರಿನ ಆರೋಗ್ಯಕ್ಕೆ ಅದನ್ನೇ ಸಾಕ್ಷಿ ಅಂದುಕೊಳ್ಳಬೇಡಿ.

ಇನ್ನೂ ಕಾರು ತೆಗೆದುಕೊಂಡಿಲ್ಲ ಅಂದರೆ

ದಿನಕ್ಕೆ ಹತ್ತು ಕಿಲೋಮೀಟರ್, ತಿಂಗಳಿಗೊಮ್ಮೆ ಮಂಗಳೂರು ಅನ್ನುವವರು ಪೆಟ್ರೋಲ್ ಕಾರು ನೋಡಿ. ತಲಪಾಡಿ ದಾಟಿದರೆ ಡೀಸೆಲ್ ಅಗ್ಗ ಅನ್ನುವ ಲೆಕ್ಕ ಒಂದೇ ಒಂದು ಡಿಪಿಎಫ್ ಬಿಲ್ಲಿನಲ್ಲಿ ಕೊಚ್ಚಿಹೋಗುತ್ತದೆ. ಡೀಸೆಲ್ಲೇ ಬೇಕು, ಓಡಾಟ ಮಾತ್ರ ಕಮ್ಮಿ ಅನ್ನುವವರಿಗೆ ಚೆನ್ನಾಗಿ ನೋಡಿಕೊಂಡ ಬಿಎಸ್4 ಸರಿ. ಕೆಡುವ ಭಾಗವೇ ಕಮ್ಮಿ, ಬದಿಯಡ್ಕ ಮುಳ್ಳೇರಿಯದ ಮೆಕ್ಯಾನಿಕ್ಕುಗಳ ಕೈಗೂ ಪಳಗಿದೆ. ಅದರ ಆರ್‌ಸಿ ಎಷ್ಟು ವರ್ಷ ಬಾಕಿ ಇದೆ ಅಂತ ಮಾತ್ರ ನೋಡಿಕೊಳ್ಳಿ, ಹದಿನೈದಕ್ಕೆ ನವೀಕರಣದ ಕಾಟ ಇದೆ. ವಾರಕ್ಕೆರಡು ಸಲ ಹೈವೇ ಹತ್ತುವವರು, ಕಣ್ಣೂರು, ಮಂಗಳೂರು ಅಂತ ಕೆಲಸಕ್ಕೆ ಓಡುವವರು ಬಿಎಸ್6 ಡೀಸೆಲ್ ಧೈರ್ಯವಾಗಿ ತೆಗೆದುಕೊಳ್ಳಬಹುದು. ಸರಿಯಾಗಿ ಓಡಿದರೆ ಅದರಷ್ಟು ಹಿತ ಬೇರೆ ಇಲ್ಲ. ಆಯಿಲ್ ಮಾತ್ರ ಡಬ್ಬದ ಮೇಲೆ ಎಸಿಇಎ ಸಿ2 ಅಥವಾ ಸಿ3 ಅಂತ ಇರುವ, ಕಾರಿನ ಪುಸ್ತಕ ಹೇಳಿದ ದರ್ಜೆಯದ್ದೇ ಇರಲಿ. ಬೂದಿ ಕಮ್ಮಿ ಬಿಡುವ ಆಯಿಲ್ ಅದು.

ನೋಡಲು ಹೋಗುವಾಗ ಬೆಳಿಗ್ಗೆಯೇ ಹೋಗಿ, ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿರಿ. ಬಿಎಸ್6 ಕಾರಿನ ಸೈಲೆನ್ಸರ್ ತುದಿ ಒಳಗೆ ಒರೆಸಿದರೆ ಕೈಗೆ ಕಪ್ಪು ಮಸಿ ಹತ್ತಬಾರದು. ಡಿಪಿಎಫ್ ಡಬ್ಬಿಯ ಮೇಲೆ ಹೊಸ ವೆಲ್ಡಿಂಗ್ ಗುರುತು ಇದ್ದರೆ ಅನುಮಾನಪಡಿ. ಸ್ಕ್ಯಾನರಿನಲ್ಲಿ ಕೋಡ್ ಒಂದೂ ಇಲ್ಲ, ಆದರೆ ಒಳಗಿನ ಪರೀಕ್ಷೆಗಳೆಲ್ಲ "ಪೂರ್ತಿಯಾಗಿಲ್ಲ" ಅಂತ ತೋರಿಸಿದರೆ, ನಿನ್ನೆ ಮೊನ್ನೆ ಯಾರೋ ಕೋಡ್ ಅಳಿಸಿದ್ದಾರೆ.

ದೆಹಲಿಯ ಕಾರುಗಳೂ ನಮ್ಮ ಕಡೆ ಬರುತ್ತವೆ. ಹತ್ತು ವರ್ಷ ದಾಟಿದ ಡೀಸೆಲ್ ವಿರುದ್ಧ 2015ರಲ್ಲಿ ಹಸಿರು ನ್ಯಾಯಮಂಡಳಿಯ ಆದೇಶ ಬಂದ ಮೇಲೆ ಅಲ್ಲಿಯವರು ಅಗ್ಗಕ್ಕೆ ಬಿಟ್ಟುಕೊಡುತ್ತಾ ಬಂದಿದ್ದಾರೆ. ಟ್ರಾಫಿಕ್ಕಿನಲ್ಲಿ ನಿಂತು ನಿಂತು ಓಡಿದ ಎಂಜಿನ್, ಇಜಿಆರ್ ಮಸಿ ಗ್ಯಾರಂಟಿ ಅಂತಲೇ ಬೆಲೆ ಮಾತಾಡಿ. ಪಕ್ಕದ ಕೆಎ-19, ಕೆಎ-21 ಕಾರಾದರೂ ಕಾಗದದ ಕೆಲಸ ಅದೇ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಕೇರಳದಲ್ಲಿ ಇಟ್ಟುಕೊಳ್ಳುವುದಾದರೆ ಕೆಎಲ್-14ಕ್ಕೆ ಬದಲಿಸಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಆ ತೆರಿಗೆ ಎಷ್ಟಾಗುತ್ತದೆ ಅಂತ ಆರ್‌ಟಿಒ ಆಫೀಸಿನಲ್ಲಿ ಕೇಳಿಕೊಂಡು, ಅದನ್ನೂ ಕಾರಿನ ಬೆಲೆಗೆ ಸೇರಿಸಿ ನೋಡಿ. ಮಾರುವವರ ಕಡೆಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ.